ಮಂಡಳಿ ಮೌನ ಮೀಮಾಂಸೆ

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಸಂಗಮಕ್ಷೇತ್ರವಾದ ಬಿಟಿಎಂ ಲೇಔಟಿನಲ್ಲಿ, ಹೆಸರು ಬೇಡದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನೆದುರಿನ ಸ್ಟೀಲ್ ಕುರ್ಚಿಯಲ್ಲಿ ಈ ಶಾಸ್ತ್ರ ಹುಟ್ಟಿತು. ಸಂಶಯವಿಷ್ಟೆ: ಕಳ್ಳಬಿಲ್ಲು ತಯಾರಾಗುವ ಹೊತ್ತಿನಲ್ಲಿ ಆಡಳಿತ ಮಂಡಳಿ ಎಲ್ಲಿರುತ್ತದೆ?

ಪೂರ್ವಪಕ್ಷದವರ ಪ್ರಕಾರ ಮಂಡಳಿ ಸರ್ವಸಾಕ್ಷಿ. 2013ರ ಕಂಪನಿ ಕಾಯ್ದೆಯಂತೆ ಅದು ವರ್ಷಕ್ಕೆ ಕನಿಷ್ಠ 4 ಸಲ ಸೇರಲೇಬೇಕು; ಎರಡು ಸಭೆಗಳ ನಡುವೆ 120 ದಿನ ಮೀರಕೂಡದು. ಅದರ ಕಣ್ಣು ತಪ್ಪಿಸಿ ಏನು ತಾನೇ ನಡೆದೀತು?

ನಡೆದೀತು, ಎನ್ನುತ್ತದೆ ಕುರ್ಚಿಪಂಥ. 120 ದಿನದೊಳಗೆ ರೋಗಿ ಅಡ್ಮಿಟ್ ಆಗಿ, ತೀರಿಹೋಗಿ, ಮತ್ತೆ ಅಡ್ಮಿಟ್ ಆಗಲು ಸಾಕಷ್ಟು ಸಮಯವಿದೆ. ನಗಬೇಡಿ. ಆಯುಷ್ಮಾನ್ ಭಾರತ್ ಬಗ್ಗೆ 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯ ಪ್ರಕಾರ, ದಾಖಲೆಯಲ್ಲಿ ಆಗಲೇ ತೀರಿಕೊಂಡಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಸಂದಾಯವಾಗಿತ್ತು. 7,49,820 ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರು: ಹತ್ತು ಒಂಬತ್ತುಗಳು. ನಂಬರಿಗೂ ಫಲಾನುಭವಿಯ ಗುರುತಿಗೂ ಸಂಬಂಧವಿಲ್ಲವೆಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಹೀಗೆ ಪುನರ್ಜನ್ಮ, ಅದ್ವೈತ ಎರಡಕ್ಕೂ ಒಂದೇ ಕಡತದಲ್ಲಿ ಪುರಾವೆ ಸಿಕ್ಕಿತು. ಮಠಗಳು ಇನ್ನೂ ಇದನ್ನು ಗಮನಿಸಿದಂತಿಲ್ಲ.

ಹಾಗಾದರೆ ಹೊಣೆ ಯಾರದು? ಲೆಕ್ಕಪರಿಶೋಧಕರಿಗೆ ಕಂಪನಿಯೊಳಗಿನ ವಂಚನೆ ಕಂಡರೆ, 1 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟಿದ್ದನ್ನು ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆಯದನ್ನು? ಮಂಡಳಿಗೋ ಅದರ ಆಡಿಟ್ ಸಮಿತಿಗೋ. 99 ಲಕ್ಷಕ್ಕೆ ಕೈ ತೊಳೆದುಕೊಳ್ಳುವ ಸಂಯಮಿಯ ಸುದ್ದಿ ಮನೆಯೊಳಗೇ ಉಳಿಯುತ್ತದೆ. ಮಂಡಳಿ ಆಡಿಟರನ್ನು ನಂಬಿತ್ತು, ಆಡಿಟರು ಮಂಡಳಿ ಕೊಟ್ಟ ಕಾಗದ ನಂಬಿದ್ದರು. ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯವೆಂಬ ದೋಷ. ವಾರ್ಷಿಕ ವರದಿಯಲ್ಲಿ ಇದೇ ಕಾರ್ಪೊರೇಟ್ ಗವರ್ನೆನ್ಸ್ ಎಂಬ ಅಧ್ಯಾಯ, ಹೊಳೆಯುವ ಕಾಗದದಲ್ಲಿ.

ಇನ್ನು ಪ್ರತ್ಯಕ್ಷ ಪ್ರಮಾಣ. ನನ್ನ ಪಕ್ಕದ ಕುರ್ಚಿಯ ಹಿರಿಯರು, ಹೆಂಡತಿಯ ಡೆಂಗಿ ಜ್ವರದ ಬಿಲ್ಲನ್ನು ಪಂಚಾಂಗದಂತೆ ಮಡಿಲಲ್ಲಿ ಹರಡಿಕೊಂಡು, ಪೆನ್ಸಿಲ್ಲಿನಿಂದ ಒಂದು ಸಾಲಿಗೆ ಸುತ್ತು ಹಾಕಿ ಕೌಂಟರಿನ ಹುಡುಗಿಯತ್ತ ಹಿಡಿದರು.

"ಮೂರು ದಿನಕ್ಕೆ ಅರವತ್ತು ಜೊತೆ ಗ್ಲೌಸಾ? ಯಾಕಮ್ಮಾ ಇಷ್ಟೊಂದು?"

"ಅದು ಸಿಸ್ಟಮ್ಮೇ ತಗೊಳ್ಳತ್ತೆ ಅಂಕಲ್. ನಿಮ್ದು ಹೇಗೂ ಕ್ಯಾಶ್‌ಲೆಸ್ ಅಲ್ವಾ?"

"ಪ್ರೀಮಿಯಮ್ ಕಟ್ಟೋನು ನಾನೇ ಅಲ್ವೇನಮ್ಮಾ?"

ಹತ್ತು ನಿಮಿಷದಲ್ಲಿ ಹೊಸ ಬಿಲ್ಲು ಬಂತು, ಗ್ಲೌಸು ಆರು ಜೊತೆಗೆ ಇಳಿದಿತ್ತು. ನೋಟಿಸು, ಅಜೆಂಡಾ, ಕೋರಂ ಯಾವುದೂ ಬೇಕಾಗಲಿಲ್ಲ. 'ಇತರೆ' ಎಂಬ ಸಾಲಿನ ಎರಡು ಸಾವಿರ ಮಾತ್ರ ಅಲುಗಲಿಲ್ಲ. ಅದು ಮ್ಯಾನೇಜ್‌ಮೆಂಟ್ ಪಾಲಿಸಿಯಂತೆ.