ಗಂಟೆ ಸೊನ್ನೆ, ಗತ್ತು ಪೂರ್ತಿ

ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯ ದುಡಿಮೆ ಆಳುವ ‘ಝೀರೋ ಅವರ್ಸ್’ ಕರಾರು ಸಾಹೇಬರು ಲಂಡನ್ನಿನ ಪಬ್ಬೊಂದರಲ್ಲಿ ನಮ್ಮ ಪ್ರತಿನಿಧಿಗೆ ಸಿಕ್ಕರು. ಎರಡು ಹಾಳೆಯ ಮೈ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ಇವರನ್ನು ಉಳಿಸಬೇಕೋ ನಿಷೇಧಿಸಬೇಕೋ ಎಂದು ಜನ ದಶಕದಿಂದ ಕಿತ್ತಾಡುತ್ತಿದ್ದರೂ ಸಾಹೇಬರಲ್ಲಿ ಒಂದು ಸುಕ್ಕಿಲ್ಲ.

ನಿಮ್ಮ ಕಸುಬೇನು?

“ಕೆಲಸವಿದ್ದರೆ ಧಣಿ ಕರೆಯುತ್ತಾನೆ, ಇಲ್ಲದಿದ್ದರೆ ಇಲ್ಲ. ಬರಲೇಬೇಕೆಂಬ ಬಲವಂತ ಕೆಲಸಗಾರನಿಗೂ ಇಲ್ಲ. ಇದಕ್ಕಿಂತ ಸಮಾನತೆ ಬೇಕೇ?”

ಈ ವಾರ ಬರಲ್ಲ ಎಂದವನಿಗೆ ಮುಂದಿನ ವಾರ ಕರೆ ಬರುತ್ತದೆಯೇ?

“ಕರೆಯಬಾರದೆಂದು ನನ್ನಲ್ಲಿ ಬರೆದಿಲ್ಲ. ಕರೆಯಬೇಕೆಂದೂ ಬರೆದಿಲ್ಲ.”

ಪ್ರಸಿದ್ಧಿ ಬಂದದ್ದು ಯಾವಾಗ ಎಂದಾಗ ಸಾಹೇಬರು ಎದೆಯುಬ್ಬಿಸಿದರು. 2013ರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಕಂಪನಿಯ ಸುಮಾರು 90% ನೌಕರರು ತಮ್ಮ ಅಧೀನದಲ್ಲಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬೇಸಿಗೆಯಲ್ಲಿ ಪ್ರವಾಸಿಗರಿಗೆ ತೆರೆದುಕೊಳ್ಳುವ ಬಕಿಂಗ್‌ಹ್ಯಾಮ್ ಅರಮನೆಯ ಸುಮಾರು 350 ಹಂಗಾಮಿ ನೌಕರರೂ ಆಗ ತಮ್ಮವರೇ. “ರಾಣಿಯ ಮನೆಯಲ್ಲೇ ಸಂದವನು ಬೀದಿಯಲ್ಲಿ ಸಲ್ಲಬಾರದೇ?”

ಆಗ ಬೇರೆಡೆ ದುಡಿಯಲೂ ಬಿಡುತ್ತಿರಲಿಲ್ಲವಂತೆ? ತಾನೂ ಉಣ್ಣ, ಪರರಿಗೂ ಇಕ್ಕ ಎಂಬಂತೆ?

“ಆ ಷರತ್ತನ್ನು 2015ರಲ್ಲಿ ಕಾನೂನು ಕಿತ್ತುಹಾಕಿತು. ಈಗ ನನ್ನವರು ಎಷ್ಟು ಧಣಿಗಳ ಕರೆಗೆ ಬೇಕಾದರೂ ಕಾಯಬಹುದು.”

ಜನಾಭಿಪ್ರಾಯಕ್ಕೆ ಅಂಜುವುದಿಲ್ಲವೇ?

“ಅದು ನೀವು ಏನು ಕೇಳುತ್ತೀರಿ ಎಂಬುದರ ಮೇಲಿದೆ. ಓದುವ ಹುಡುಗರಿಗೆ ಬಿಡುವಿದ್ದಾಗ ಕೆಲಸ ಸಿಗಬೇಕೇ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಈ ತಿಂಗಳ ಬಾಡಿಗೆ ಹೊಂದುವಷ್ಟು ಗಂಟೆ ಸಿಗುತ್ತದೋ ಇಲ್ಲವೋ ತಿಳಿಯದೆ ತಾಯಿಯೊಬ್ಬಳು ಒದ್ದಾಡಬೇಕೇ ಎಂದರೆ ಅದೇ ಜನ ನನ್ನ ತಲೆದಂಡ ಕೇಳುತ್ತಾರೆ. ಇಬ್ಬರೂ ಸಹಿ ಹಾಕಿದ್ದು ನನಗೇ!”

ಇಷ್ಟೆಂದು ಸಾಹೇಬರು ಜೇಬಿನಿಂದ ಪ್ರಶಸ್ತಿಪತ್ರ ತೆಗೆದರು. 2017ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಬ್ರಿಟನ್ ನೌಕರರಿಗೆ ನಿಗದಿತ ಗಂಟೆಗಳನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಮೊದಲು ಪ್ರಯೋಗ ನಡೆದ ಕಡೆ ಸುಮಾರು 80% ಮಂದಿ ಹಳೆಯದೇ ಇರಲಿ ಎಂದರು.

ಹಾಗಾದರೆ ಎಲ್ಲ ಕಂಪನಿಗಳೂ ಹೀಗೆ ಕೇಳಿಬಿಡಲಿ, ಬೇಕಾದವರು ನಿಮ್ಮ ಜೊತೆ ಇರಲಿ, ಬೇಡವಾದವರು ನಿಗದಿತ ಗಂಟೆಗೆ ಹೋಗಲಿ. ಆಗಬಹುದೇ?

ಸಾಹೇಬರು ಪ್ರಶಸ್ತಿಪತ್ರ ಮಡಚಿಟ್ಟರು. “ಕೇಳುವುದು ಧಣಿಯ ದೊಡ್ಡತನ. ಅದನ್ನು ಕಾಯಿದೆ ಮಾಡಿದರೆ ಮಜಾ ಹೋಗುತ್ತದೆ.”

ನ್ಯೂಜಿಲೆಂಡ್ 2016ರಲ್ಲಿ, ಐರ್ಲೆಂಡ್ 2019ರಲ್ಲಿ ನಿಮ್ಮವರನ್ನು ಬಹುಮಟ್ಟಿಗೆ ಹೊರಹಾಕಿದವು...

“ಇಲ್ಲಿನ ಲೇಬರ್ ಪಕ್ಷವೂ 2017ರ ಪ್ರಣಾಳಿಕೆಯಲ್ಲಿ ನನ್ನನ್ನು ಪೂರ್ತಿ ನಿಷೇಧಿಸುತ್ತೇನೆಂದಿತ್ತು. 2024ರಲ್ಲಿ ‘ಶೋಷಣೆಯ’ ಕರಾರುಗಳಿಗೆ ಮಾತ್ರ ನಿಷೇಧವೆಂದಿತು. ಅಂದಿನಿಂದ ನಾನು ‘ಶೋಷಣೆಯಲ್ಲದ’ ಎಂಬ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದ್ದೇನೆ.”

ಆ ವರ್ಷದ ಅಕ್ಟೋಬರಿನಲ್ಲಿ ಮಂಡನೆಯಾದ ಮಸೂದೆ, ನಿಯಮಿತವಾಗಿ ದುಡಿದಷ್ಟು ಗಂಟೆಗಳನ್ನು ಖಾತ್ರಿಯಾಗಿ ಕೊಡುವ ಪ್ರಸ್ತಾಪವನ್ನು ಧಣಿ ಮುಂದಿಡಬೇಕೆಂದಿತಲ್ಲ?

“ಹನ್ನೆರಡು ವಾರದ ಲೆಕ್ಕ ನೋಡುವ ಮಾತಿದೆ,” ಎಂದರು ಸಾಹೇಬರು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. “ನನ್ನ ವಕೀಲರು ಸದ್ಯ ಹನ್ನೊಂದನೆಯ ವಾರದ ಬಗ್ಗೆ ಸಂಶೋಧನೆ ನಡೆಸಿದ್ದಾರೆ.”