ಇಂಚಿನ ಮಾವಂದಿರಿಗೆ ಒಂದು ಬಹಿರಂಗ ಪತ್ರ

ಮೈಸೂರು ನಗರದ ಸಮಸ್ತ ಮಾವಂದಿರ ಪಾದಾರವಿಂದಗಳಿಗೆ ಸೋದರಸೊಸೆಯ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾವೆಲ್ಲ ಕ್ಷೇಮ, ನನ್ನ ಎಡಭುಜ ಒಂದನ್ನು ಬಿಟ್ಟು. ಅದರ ಯೋಗಕ್ಷೇಮದ ವಿಚಾರವಾಗಿಯೇ ಈ ಪತ್ರ.

ಫ್ಯಾಮಿಲಿ ಗ್ರೂಪಿನಲ್ಲೇ ಹಾಕಬಹುದಿತ್ತು. ಹಾಕಿದರೆ ನೀವು ಕೈಮುಗಿದ ಚಿತ್ರವೊಂದನ್ನು ಕಳಿಸಿ, ಅದರ ಬೆನ್ನಿಗೆ ಶುಭೋದಯದ ಗುಲಾಬಿ ಹೂವನ್ನೂ ಕಳಿಸಿ, ವಿಷಯ ಮುಗಿಸಿಬಿಡುತ್ತೀರಿ. ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಸಿಇಟಿ ಕೌನ್ಸೆಲಿಂಗ್ ಮುಗಿದು, ಎನ್‌ಐಇಯಲ್ಲೋ ಎಸ್‌ಜೆಸಿಇಯಲ್ಲೋ ಸೀಟು ಖಾತ್ರಿಯಾದ ಮರುದಿನ ಮನೆಮನೆಯಲ್ಲೂ ಒಂದು ಸಮಿತಿ ಹುಟ್ಟುತ್ತದೆ. ಅಧ್ಯಕ್ಷರು ನೀವು. ಸದಸ್ಯರೂ ನೀವೇ. ಖಜಾಂಚಿ ಅಪ್ಪ. ಲ್ಯಾಪ್‌ಟಾಪ್ ಬಳಸಬೇಕಾದ ಹುಡುಗಿ ವಿಶೇಷ ಆಹ್ವಾನಿತೆ: ಬರಬಹುದು, ಮಾತಾಡುವಂತಿಲ್ಲ. ಅಂಗಡಿ ಬಾಗಿಲು ತೆಗೆಯುವ ಮೊದಲೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಬೆಳಗಿನ ವಾಕಿಂಗ್‌ನಲ್ಲಿ, ನಿಮ್ಮ ಸ್ನೇಹಿತರ ಸಮಕ್ಷಮ ನಿರ್ಣಯ ಅಂಗೀಕಾರವಾಗಿರುತ್ತದೆ. “ತಗೊಳ್ಳೋದೇ ಆದ್ರೆ ದೊಡ್ದೇ ತಗೊಳಮ್ಮ. ಚಿಕ್ದು ತಗೊಂಡು ಆಮೇಲೆ ಕಣ್ಣು ಹಾಳು ಮಾಡ್ಕೋಬೇಡ.”

ಅಂಗಡಿಯಲ್ಲಿ ನಡೆಯುವುದು ಬರೀ ಔಪಚಾರಿಕತೆ. ಹದಿನಾಲ್ಕು ಇಂಚಿನದಕ್ಕೆ ಹದಿನೈದು ಪಾಯಿಂಟ್ ಆರು ಇಂಚಿನದಕ್ಕಿಂತ ಬೆಲೆ ಒಂದಿಷ್ಟು ಜಾಸ್ತಿ ಎಂದು ಹುಡುಗ ಹೇಳಿದ ಕೂಡಲೇ ನಿಮ್ಮ ಮುಖ ನೋಡಬೇಕು. “ಚಿಕ್ಕದಕ್ಕೆ ಜಾಸ್ತಿನಾ? ಇದ್ಯಾವ ನ್ಯಾಯ ಕಣಯ್ಯಾ?” ಅಷ್ಟೇ ಸಾಮಾನನ್ನು ಕಡಿಮೆ ಜಾಗದಲ್ಲಿ, ಕಡಿಮೆ ತೂಕದಲ್ಲಿ, ಬಿಸಿಯೇರದ ಹಾಗೆ ಕೂರಿಸುವುದು ಕಷ್ಟದ ಕೆಲಸ, ಅದಕ್ಕೇ ದುಡ್ಡು ಎಂದು ಆ ಪಾಪದ ಹುಡುಗ ವಿವರಿಸಲು ಹೊರಡುತ್ತಾನೆ. ನೀವಾಗಲೇ ಮನಸ್ಸಿನಲ್ಲಿ ಇಂಚಿಗೆ ಎಷ್ಟು ರೂಪಾಯಿ ಬಿತ್ತು ಎಂದು ಭಾಗಾಕಾರ ಹಾಕುತ್ತಿರುತ್ತೀರಿ.

ಇಂಚನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಎಂದು ಯಾವತ್ತಾದರೂ ಕೇಳಿದ್ದೀರಾ, ಮಾವ? ಕೆಳಗಿನ ಒಂದು ಮೂಲೆಯಿಂದ ಮೇಲಿನ ಎದುರು ಮೂಲೆಗೆ, ಓರೆಯಾಗಿ. ವಿಜಯನಗರದ ನಿಮ್ಮ ಸೈಟನ್ನು ಹೀಗೆ ಓರೆಯಾಗಿ ಅಳೆಸಿಕೊಂಡಿರಾ? 30×40ರ ಆ ಸೈಟಿನ ನಾಲ್ಕೂ ಕಡೆ ಟೇಪ್ ಹಿಡಿಸಿ, ಒಂದು ಗೇಣು ಕಡಿಮೆ ಬಂತೆಂದು ಪಕ್ಕದವರ ಜೊತೆ ಮಾತು ಬಿಟ್ಟವರು ನೀವು. ಅದರ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. (50:50 ಎಂದು ಓದಿಕೊಳ್ಳಬೇಡಿ. ಮುಡಾದ ಆ ಸೈಟುಗಳ ವಿಚಾರಕ್ಕೆ ಬೇರೆ ಆಯೋಗವೇ ಕೂತಿತ್ತು.) ಈಗ ಒಬ್ಬ ದಲ್ಲಾಳಿ ಬಂದು, “ಸ್ವಾಮಿ, ನಿಮ್ಮದೇ ಅಳತೆ, 50 ಅಡಿ ಸೈಟು” ಎಂದು ಹೇಳಿ, 14 ಅಡಿ ಅಗಲದ, 48 ಅಡಿ ಉದ್ದದ ಒಂದು ಓಣಿಯನ್ನು ತೋರಿಸುತ್ತಾನೆ ಅನ್ನಿ. ಅವನು ಸುಳ್ಳು ಹೇಳಿಲ್ಲ. ಅದರ ಮೂಲೆಯಿಂದ ಮೂಲೆಗೂ 50 ಅಡಿಯೇ. ನಿಮ್ಮದು 1,200 ಚದರಡಿ, ಅವನದು 672. ಅವನನ್ನು ನೀವು ಗೇಟಿನಿಂದಾಚೆ ಅಟ್ಟುತ್ತೀರಿ. ಲ್ಯಾಪ್‌ಟಾಪಿನ ಅಂಗಡಿಯಲ್ಲಿ ಅದೇ ಅಳತೆಗೆ ತಲೆದೂಗಿ, ಬ್ಯಾಗ್ ಫ್ರೀ ಕೊಡ್ತೀರಾ ಎಂದು ಕೇಳುತ್ತೀರಿ.

ಲೆಕ್ಕ ಇಷ್ಟೇ. ನೀವು ನನಗೆ ಕೊಡಿಸಿದ 15.6 ಇಂಚಿನ ಪರದೆ 16:9ರ ಆಕಾರದ್ದು. ಅಗಲ 34.5 ಸೆಂಟಿಮೀಟರ್, ಎತ್ತರ 19.4. ನಾನು ಕೈತೋರಿಸಿ ಬೈಸಿಕೊಂಡ 14 ಇಂಚಿನದು 16:10ರದ್ದು. ಅಗಲ 30.2, ಎತ್ತರ 18.8. ಎತ್ತರದಲ್ಲಿ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಚಿಲ್ಲರೆ. ಮಿಕ್ಕ ಹೆಚ್ಚಳವೆಲ್ಲ ಅಕ್ಕಪಕ್ಕಕ್ಕೆ ಹೋಗಿದೆ. ನಾನು ಬರೆಯುವುದೂ ಓದುವುದೂ ಮೇಲಿನಿಂದ ಕೆಳಕ್ಕೆ. ಅಕ್ಕಪಕ್ಕದಲ್ಲಿರುವುದು ಬಿಳಿ ಬಯಲು, ದಸರಾ ವಸ್ತುಪ್ರದರ್ಶನ ಮುಗಿದ ಮೇಲಿನ ದೊಡ್ಡಕೆರೆ ಮೈದಾನ.

ನ್ಯಾಯವಾಗಿ ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಎರಡೂ ಒಂದೇ ಆಕಾರದ್ದಾಗಿದ್ದರೆ 14ರಿಂದ 15.6ಕ್ಕೆ ಇಂಚಿನ ಲೆಕ್ಕದಲ್ಲಿ ಶೇಕಡ 11 ಹೆಚ್ಚು, ಆದರೆ ಜಾಗದ ಲೆಕ್ಕದಲ್ಲಿ ಶೇಕಡ 24. ನಿಮಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚೇ ಲಾಭವಾಗಿದೆ. ನಾಳೆ ಕೆರೆ ಏರಿಯ ಮೇಲೆ ಇದನ್ನು ಬಳಸಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.

ಈ ಅಡ್ಡಗಲದ ಆಕಾರವೇನು ದೈವದತ್ತವಲ್ಲ. ಮೊದಲು ಲ್ಯಾಪ್‌ಟಾಪುಗಳು 4:3ರಲ್ಲಿದ್ದವು, ಆಮೇಲೆ 16:10. ಸುಮಾರು 2008ರಿಂದಾಚೆಗೆ ಒಂದೊಂದಾಗಿ 16:9ಕ್ಕೆ ಬಂದವು. ಟೀವಿಯ ಆಕಾರಕ್ಕೇ ಇವನ್ನೂ ಒಗ್ಗಿಸಿದರೆ ಪ್ಯಾನೆಲ್ ತಯಾರಿಸುವವರಿಗೆ ಖರ್ಚು ಕಡಿಮೆ ಎಂಬುದು ಇದಕ್ಕಿದ್ದ ದೊಡ್ಡ ಕಾರಣ. ಈಚಿನ ಕೆಲವು ವರ್ಷಗಳಲ್ಲಿ ಎತ್ತರ ಮತ್ತೆ ವಾಪಸು ಬರುತ್ತಿದೆ. ಎತ್ತರ ಕಳೆದುಕೊಂಡಾಗ ಇಂಗ್ಲಿಷಿನವರಿಗಿಂತ ನಮಗೇ ನಷ್ಟ ಹೆಚ್ಚು. ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ. ಕಾಲಡಿ ಒತ್ತು, ಆ ಒತ್ತಿಗೆ ಅಂಟಿಕೊಂಡು ಇನ್ನೊಂದು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಬಾರದೆಂದರೆ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಕನ್ನಡ ಪುಟಕ್ಕೆ ಬೇಕಾದದ್ದು ಎತ್ತರ. ಕನ್ನಡಾಭಿಮಾನದ ಬಗ್ಗೆ ನವೆಂಬರ್‌ನಲ್ಲಿ ಭಾಷಣ ಮಾಡುವ ತಾವು ಅಂಗಡಿಯಲ್ಲಿ ಅಗಲ ಕೊಡಿಸುತ್ತೀರಿ.

ಇನ್ನು ಚುಕ್ಕಿಗಳ ಸಂಗತಿ. “ಫುಲ್ ಎಚ್‌ಡಿ ಸಾರ್” ಎಂದು ಹುಡುಗ ಹೇಳಿದಾಗ ನೀವು ತಲೆಯಾಡಿಸಿದಿರಿ. ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮೇಲ್ಪಟ್ಟು ಚುಕ್ಕಿಗಳು. 14 ಇಂಚಿನ ಫುಲ್ ಎಚ್‌ಡಿಯಲ್ಲೂ ಅಷ್ಟೇ, 15.6ರಲ್ಲೂ ಅಷ್ಟೇ. ದೊಡ್ಡದರಲ್ಲಿ ಅವೇ ಚುಕ್ಕಿಗಳು ಕೊಂಚ ದಪ್ಪವಾಗಿವೆ. ಎರಡರಲ್ಲೂ ಪರದೆಯ ಸ್ಕೇಲಿಂಗ್ ಒಂದೇ ಇಟ್ಟು ಎಕ್ಸೆಲ್ ತೆರೆದರೆ ದೊಡ್ಡದರಲ್ಲಿ ಒಂದು ಸಾಲೂ ಹೆಚ್ಚಿಗೆ ಕಾಣದು. ನಾನು ಕೈತೋರಿಸಿದ್ದ ಚಿಕ್ಕದರಲ್ಲಿ ಉದ್ದಕ್ಕೆ 1200 ಚುಕ್ಕಿ ಇದ್ದವು. ಅದರಲ್ಲಿ ನಾಲ್ಕೈದು ಸಾಲು ಹೆಚ್ಚೇ ಕಾಣುತ್ತಿತ್ತು. “ಚಿಕ್ಕದರಲ್ಲಿ ಜಾಸ್ತಿ ಕಾಣುತ್ತಂತೆ!” ಎಂದು ನೀವು ಅಂಗಡಿಯವನ ಕಡೆ ತಿರುಗಿ ನಕ್ಕಿರಿ. ಗಿರಾಕಿ ನಕ್ಕಮೇಲೆ ಅವನೂ ನಗಲೇಬೇಕಾಯಿತು.

ಆದರೂ ದೊಡ್ಡದರಲ್ಲಿ ‘ಚೆನ್ನಾಗಿ ಕಾಣುತ್ತೆ’ ಎಂದಿರಿ. ನಿಜ, ಕಂಡಿತು. ಯಾರಿಗೆ? ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ತಲೆ ಹಿಂದಕ್ಕೆಳೆದು, ಕಣ್ಣು ಕಿರಿದು ಮಾಡಿ ನೋಡಿದವರು ತಾವು. ಅದಕ್ಕೆ ಚಾಳೀಸು ಅನ್ನುತ್ತಾರೆ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಳುಕುವುದನ್ನು ಬಿಡುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ನನಗಾಗ ಹದಿನೆಂಟು. ಹೀಗೆ ಈ ಊರಿನ ಅದೆಷ್ಟೋ ಹದಿನೆಂಟರ ಹುಡುಗ ಹುಡುಗಿಯರು ಅರವತ್ತರ ಕಣ್ಣಿಗೆ ಒಪ್ಪಿದ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದಾರೆ.

ಕೀಬೋರ್ಡಿನ ಬಲಕ್ಕಿರುವ ಅಂಕಿಗಳ ಕಟ್ಟು ಮತ್ತೊಂದು ಕತೆ. 15.6 ಇಂಚಿನ ಬಹುಪಾಲು ಯಂತ್ರಗಳಲ್ಲಿ ಅದು ಇರುತ್ತದೆ, 14ರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕಂಡೊಡನೆ ನಿಮ್ಮ ಬಲಗೈ ತಾನಾಗಿ ಮುಂದೆ ಹೋಯಿತು. ಬೆರಳುಗಳು ನೋಡದೆಯೇ ಐದನ್ನು ಹುಡುಕಿ ಕೂತವು. ನೀವು ದುಡಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ವಿಲೀನವಾಯಿತು, ನಿಮ್ಮ ಬಲಗೈ ಇನ್ನೂ ಆಗಿಲ್ಲ. ನನಗೆ ಆ ಕಟ್ಟಿನಿಂದಾದದ್ದು ಇಷ್ಟು: ಅಕ್ಷರಗಳೂ ಟಚ್‌ಪ್ಯಾಡೂ ಎಡಕ್ಕೆ ಸರಿದವು, ಅವುಗಳ ಜೊತೆ ನಾನೂ ಸರಿದೆ, ಈಗ ಪರದೆಯ ಎದುರು ಸದಾ ಓರೆಯಾಗಿ ಕೂರುತ್ತೇನೆ. “ನೆಟ್ಟಗೆ ಕೂತ್ಕೋಬಾರ್ದೇನೆ?” ಎಂದು ಬಂದಾಗಲೆಲ್ಲ ಬೈಯುವವರೂ ತಾವೇ.

ತೂಕದ ಮಾತಿಗೆ ಬರೋಣ. ನಮ್ಮದು ತೂಕ ಬಲ್ಲ ಊರು. ದಸರಾಕ್ಕೆಂದು ಕಾಡಿನಿಂದ ಬಂದ ಆನೆಗಳನ್ನು ಧನ್ವಂತ್ರಿ ರಸ್ತೆಯ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿ, ಪತ್ರಿಕೆಯಲ್ಲಿ ಹಾಕಿಸುತ್ತೇವೆ. 750 ಕಿಲೋ ಅಂಬಾರಿ ಹೊರಿಸುವ ಮುಂಚೆ ವಾರಗಟ್ಟಲೆ ಮರಳಿನ ಮೂಟೆ ಕಟ್ಟಿ, ಭಾರವನ್ನು ಹಂತಹಂತವಾಗಿ ಏರಿಸಿ ತಾಲೀಮು ಕೊಡುತ್ತೇವೆ. ಮೊದಲ ಸೆಮಿಸ್ಟರಿನ ಹುಡುಗಿಗೆ ಅಂಥ ತಾಲೀಮು ಇಲ್ಲ, ಮಾವುತನೂ ಇಲ್ಲ. ಅಂಗಡಿಯಲ್ಲಿ ಯಂತ್ರವನ್ನು ಮೇಜಿನ ಮೇಲಿಟ್ಟೇ ತೋರಿಸುತ್ತಾರೆ. ನೀವೂ ಮೇಜಿನ ಮೇಲಿದ್ದಂತೆಯೇ ನೋಡುತ್ತೀರಿ. ಹದಿನಾಲ್ಕು ಇಂಚಿನದು ಸುಮಾರು ಒಂದು ಕಿಲೋ 400 ಗ್ರಾಂ, ಹದಿನೈದು ಪಾಯಿಂಟ್ ಆರು ಇಂಚಿನದು ಒಂದು ಕಿಲೋ 700 ಗ್ರಾಂ. ಆಟದ ಹುಚ್ಚಿನವರ ಗೇಮಿಂಗ್ ಲ್ಯಾಪ್‌ಟಾಪಾದರೆ ಎರಡು ಕಿಲೋ ಮೀರುತ್ತದೆ, ಅದರ ಚಾರ್ಜರ್ ಬೇರೆ ಇಟ್ಟಿಗೆಯಷ್ಟು. “ಮುನ್ನೂರು ಗ್ರಾಂ ಒಂದು ಭಾರವೇನೇ?” ಎಂದಿರಿ. ಮೇಜಿನ ಮೇಲೆ ಅಲ್ಲ. ಟಿಫಿನ್ ಡಬ್ಬಿ, ನೀರಿನ ಬಾಟಲಿ, ರೆಕಾರ್ಡ್ ಪುಸ್ತಕಗಳ ಜೊತೆ ಸೇರಿ ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತಾಗ ಹೌದು. 1981ರಲ್ಲಿ ಆಸ್ಬೋರ್ನ್ 1 ಎಂಬ ಕಂಪ್ಯೂಟರನ್ನು ‘ಎಲ್ಲಿಗಾದರೂ ಒಯ್ಯಬಹುದು’ ಎಂದೇ ಮಾರಿದರು. ಪರದೆ 5 ಇಂಚು, ತೂಕ ಸುಮಾರು 11 ಕಿಲೋ. ಅದನ್ನೂ ಯಾರದೋ ಮಾವ ಮೇಜಿನ ಮೇಲಿಟ್ಟೇ ನೋಡಿರಬೇಕು.

ಈಗ ನಾನು ಕೆಲಸ ಮಾಡುವುದು ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ. ‘ಲ್ಯಾಪ್‌ಟಾಪ್ ನೀವೇ ತನ್ನಿ’ ಅನ್ನುವಷ್ಟು ಚಿಕ್ಕದು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್. ಮೂವರ ಸೀಟಿನಲ್ಲಿ ನಾಲ್ವರು. ನನ್ನ ಪಾಲಿಗೆ ಬಂದ ಜಾಗಕ್ಕಿಂತ ಈ ಯಂತ್ರವೇ ಅಗಲ. ತೆರೆದರೆ ಒಂದು ಅಂಚು ಪಕ್ಕದವರ ತೊಡೆಯ ಮೇಲೆ ಕೂರುತ್ತದೆ. ಮಂಡ್ಯದಲ್ಲಿ ಹತ್ತಿದ ಹಿರಿಯರೊಬ್ಬರು ಅದನ್ನು ತಮಗೇ ತೆರೆದದ್ದು ಎಂದು ಭಾವಿಸಿ ನನ್ನ ಮೇಲ್‌ಗಳನ್ನು ಓದಿ, ಮದ್ದೂರು ಬರುವಷ್ಟರಲ್ಲಿ ನನ್ನ ಮ್ಯಾನೇಜರ್ ಒಳ್ಳೆಯವನಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಆ ಮಟ್ಟಿಗೆ ದೊಡ್ಡ ಪರದೆ ಲೋಕೋಪಯೋಗಿ, ಒಪ್ಪುತ್ತೇನೆ.

“ಸಿನಿಮಾ ನೋಡೋಕಾದ್ರೂ ಆಗುತ್ತೆ” ಎಂಬುದು ನಿಮ್ಮ ಕಡೆಯ ಬಾಣವಾಗಿತ್ತು. ನಮ್ಮ ಶಾಂತಲಾ ಟಾಕೀಸು 2020ರಲ್ಲಿ ಮುಚ್ಚಿದಾಗ ಬಹಳ ಬೇಜಾರು ಮಾಡಿಕೊಂಡವರು ನೀವು, ದೊಡ್ಡ ಪರದೆಯ ಕಾಲವೇ ಹೋಯಿತು ಅಂದವರು. ಆ ಮಾತನ್ನು ನೀವು ಹೇಳಿದ್ದು ಆರೂವರೆ ಇಂಚಿನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ರಾಜ್‌ಕುಮಾರ್ ಸಿನಿಮಾ ನೋಡುತ್ತಾ. ನಮ್ಮ ಮನೆಯಲ್ಲೂ ಎಲ್ಲರೂ ನೋಡುವುದು ಫೋನಿನಲ್ಲೇ. ಸಿನಿಮಾಕ್ಕೆಂದು ತಂದ ಪರದೆಯ ಮೇಲೆ ಆಡುವುದು ಬರೀ ಎಕ್ಸೆಲ್, ಮೇಲೆ ಹೇಳಿದ ಹಾಗೆ ಒಂದು ಸಾಲೂ ಹೆಚ್ಚಿಲ್ಲದೆ.

ಅಮೆರಿಕದಲ್ಲಿರುವ ನಿಮ್ಮ ಮಗ, ಅವನ ಉದಾಹರಣೆ ಕೊಡದೆ ನಿಮಗೆ ಊಟ ಸೇರದು, ಅವನ ಹತ್ತಿರ ಇರುವುದು 13 ಇಂಚಿನದು. ಮನೆಗೆ ಬಂದಾಗ ಅದಕ್ಕೊಂದು ವೈರು ಸಿಕ್ಕಿಸಿ ದೊಡ್ಡ ಮಾನಿಟರಿನಲ್ಲಿ ಕೆಲಸ ಮಾಡುತ್ತಾನೆ. 24 ಇಂಚಿನ ಮಾನಿಟರ್ ನಮ್ಮಲ್ಲೂ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಗೋಡೆಗೆ ಆನಿಸಿಟ್ಟರೆ ಯಾರ ಭುಜವನ್ನೂ ಕೇಳುವುದಿಲ್ಲ. ಇದನ್ನು ಅಂಗಡಿಯಲ್ಲಿ ಹೇಳಬೇಕೆಂದಿದ್ದೆ. ವಿಶೇಷ ಆಹ್ವಾನಿತೆ, ಅವಕಾಶ ಸಿಗಲಿಲ್ಲ. ಹಾಗೆಂದು ದೊಡ್ಡ ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಒಳಗೆ ಗಾಳಿಯಾಡಲು ಜಾಗ ಹೆಚ್ಚು, ದೊಡ್ಡ ಬ್ಯಾಟರಿಗೂ ಜಾಗ. ಕಟ್ಟಡದ ನಕ್ಷೆ ಬರೆಯುವವರು, ವಿಡಿಯೊ ಕತ್ತರಿಸುವವರು, ದಿನವಿಡೀ ಟ್ಯಾಲಿ ಹಾಕುವ ಅಶೋಕ ರಸ್ತೆಯ ಲೆಕ್ಕಿಗರು ಅದನ್ನೇ ಕೊಳ್ಳಲಿ. ಒಂದೇ ಮೇಜಿನ ಮೇಲೆ ವರ್ಷಾನುಗಟ್ಟಲೆ ಇಟ್ಟುಕೊಳ್ಳುವವರಿಗೆ ಅದರಷ್ಟು ಸುಖ ಬೇರೆ ಇಲ್ಲ.

ಅಂಥವರೊಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ. ಇಲ್ಲಿಂದ ಮುಂದಿನದು ನನ್ನ ಸ್ವಂತ ಮಾವನಿಗೆ, ಉಳಿದ ಮಾವಂದಿರು ತಮ್ಮ ತಮ್ಮ ಮನೆಗೆ ಅನ್ವಯಿಸಿಕೊಳ್ಳಬಹುದು. ಅತ್ತೆಗೂ ಚಾಳೀಸು ಬಂದು ಬಹಳ ಕಾಲವಾಯಿತು. ಮಹಿಳಾ ಸಮಾಜದ ಲೆಕ್ಕವೆಲ್ಲ ಅತ್ತೆಯದೇ, ಅಂಕಿಗಳ ಕಟ್ಟು ನಿಜವಾಗಿ ಬೇಕಾದವರು ಅವರು. ಕೂರುವುದು ಊಟದ ಮೇಜಿನ ಮುಂದೆ, ಯಂತ್ರ ಹೊತ್ತು ಎಲ್ಲಿಗೂ ಹೋಗುವವರಲ್ಲ. ಅವರಿಗೆ ನೀವು ಕೊಟ್ಟಿರುವುದು ಮಗ ಬಿಟ್ಟುಹೋದ 11.6 ಇಂಚಿನ ಹಳೆಯದು, “ಮನೇಲಿರೋಳಿಗೆ ದೊಡ್ದ್ಯಾಕೆ?” ಎಂಬ ಸಮಜಾಯಿಷಿಯ ಸಮೇತ. ಭೂತಗನ್ನಡಿ ಹಿಡಿದು ಬ್ಯಾಲೆನ್ಸ್ ಶೀಟ್ ನೋಡುವುದನ್ನು ನಾನೇ ಕಂಡಿದ್ದೇನೆ.

ಹಾಗಾಗಿ ನನ್ನ ದೊಡ್ಡದು ಅತ್ತೆಗೆ. ಅತ್ತೆಯ ಹಳೆಯದು ಗುಜರಿಗೆ. ನನಗೆ ಹದಿನಾಲ್ಕು ಇಂಚಿನದು, ಮೇಷ್ಟರ ಕೆಲಸದಿಂದ ನಿವೃತ್ತರಾದ ಅತ್ತೆಯ ಪಿಂಚಣಿಯಿಂದ ಅರ್ಧ, ನನ್ನ ಸಂಬಳದಿಂದ ಅರ್ಧ. ಭಾನುವಾರ ನಾವಿಬ್ಬರೇ ಅಂಗಡಿಗೆ ಹೋಗುತ್ತಿದ್ದೇವೆ. ಕೊಳ್ಳುವ ಮುಂಚೆ ಅದನ್ನು ಬ್ಯಾಗಿಗೆ ಹಾಕಿ ಹೆಗಲಿಗೇರಿಸಿ, ಅಂಗಡಿಯ ಮುಂದೆ ರಸ್ತೆಯ ಆ ತುದಿಗೆ ಹೋಗಿ ಬರಬೇಕೆಂದು ಅತ್ತೆಯ ಆಜ್ಞೆಯಾಗಿದೆ. ಅಂಗಡಿಯವನು ಕಳ್ಳರೆಂದು ಅನುಮಾನಿಸಿದರೆ ಒತ್ತೆಯಾಗಿ ಅತ್ತೆ ಅಲ್ಲೇ ಕೂತಿರುತ್ತಾರೆ. ನಿಮ್ಮ ಸಲಹೆಗಳಲ್ಲಿ ಒಂದನ್ನು ಮಾತ್ರ ಅಕ್ಷರಶಃ ಪಾಲಿಸುತ್ತೇವೆ: ಡಬ್ಬ, ಥರ್ಮೋಕೋಲ್ ಎಸೆಯುವುದಿಲ್ಲ. ಅಟ್ಟದ ಮೇಲೆ ಹಳೆಯ ಮಿಕ್ಸಿಯ ಡಬ್ಬದ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿಡಿ. ಚಿಕ್ಕ ಡಬ್ಬ, ಹೆಚ್ಚೇನೂ ಬೇಡ.

ಇಂತಿ ತಮ್ಮ ಆಶೀರ್ವಾದ ಬೇಡುವ,
ಸೋದರಸೊಸೆ
ಸರಸ್ವತಿಪುರಂ, ಮೈಸೂರು