ಶ್ರೆಕ್ಕನ ಗೃಹಸ್ಥಾಶ್ರಮ

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ ಮದುವೆಗೆ ಬಂದು ನಿಲ್ಲುತ್ತಿದ್ದವು. ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನನ್ನು ಕೊಂದು, ರಾಜಕುಮಾರಿಯ ಕೈ ಹಿಡಿದನೋ ಇಲ್ಲವೋ, 'ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ' ಎಂದು ದೀಪ ಆರಿಸಿಬಿಡುತ್ತಿದ್ದಳು. 'ಆಮೇಲೆ?' ಎಂದು ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: 'ಸುಮ್ನೆ ಮಲಕ್ಕೋ.' ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಆಮೇಲಿನದು ಗೊತ್ತಿರಲಿಲ್ಲವೆಂದಲ್ಲ. ಮಲಗುವ ಹೊತ್ತಿನಲ್ಲಿ ಹೇಳುವಂಥದ್ದಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

ಹಾಲಿವುಡ್ ನಿರ್ಮಾಪಕರನ್ನು ಗದರಿ ಮಲಗಿಸುವ ಅಜ್ಜಿಯರಿಲ್ಲ. ಒಂದು ಕಾರ್ಟೂನ್ ಸಿನಿಮಾ ಓಡಿತೆಂದರೆ 'ಆಮೇಲೆ?' ಎನ್ನುವವರಲ್ಲಿ ಅವರೇ ಮೊದಲಿಗರು. ಆದರೆ ಎರಡನೆಯ ಭಾಗಕ್ಕೆ ಮೊದಲನೆಯದರ ಸೊಗಸು ಬರುತ್ತದೆಯೇ? ನಮ್ಮ ಮನೆಯ ಸೋಫಾದ ಮೇಲೆ ಎಂದೂ ಮುಗಿಯದ ವ್ಯಾಜ್ಯವಿದು. ಬರುವುದೇ ಇಲ್ಲ ಎಂಬುದು ಮಗಳ ವಾದ. ಶ್ರೆಕ್‌ನ ಸಂಸಾರವನ್ನು ನೋಡಿ ಮಾತಾಡು ಎಂಬುದು ನನ್ನದು.

ಮೊದಲ 'ಶ್ರೆಕ್' ಬಂದದ್ದು 2001ರಲ್ಲಿ. ಆಸ್ಕರ್‌ನವರು ಅನಿಮೇಷನ್ ಚಿತ್ರಗಳಿಗೆಂದೇ ಪ್ರಶಸ್ತಿ ಇಟ್ಟಾಗ ಅದನ್ನು ಮೊದಲು ಗೆದ್ದದ್ದೂ ಇದೇ. ಅಜ್ಜಿಯ ಕಥೆಯನ್ನು ತಲೆಕೆಳಗು ಮಾಡಿದ ಸಿನಿಮಾ: ರಾಜಕುಮಾರಿಯನ್ನು ಬಿಡಿಸಿ ತರುವವನೇ ರಾಕ್ಷಸ, ಕೊನೆಗೆ ರಾಜಕುಮಾರಿ ಫಿಯೋನಾ ಕೂಡ ಹಸಿರು ರಾಕ್ಷಸಿಯಾಗಿಯೇ ಉಳಿಯುತ್ತಾಳೆ. ಮದುವೆ, ಹಾಡು, ಕುಣಿತ, ಶುಭಂ. ಇನ್ನು ತೆಗೆಯಲು ಏನಿದೆ?

ಮಾವನ ಮನೆ ಇತ್ತು! 2004ರ ಎರಡನೆಯ ಭಾಗದಲ್ಲಿ ಶ್ರೆಕ್ಕ ಹೆಂಡತಿಯ ತವರಿಗೆ ಊಟಕ್ಕೆ ಹೋಗುತ್ತಾನೆ. ಬೆರಳು ತೊಳೆಯಲು ಇಟ್ಟ ನೀರನ್ನು ಸೂಪೆಂದು ಕುಡಿದು ಅತ್ತೆಯ ಕೈರುಚಿಯನ್ನು ಹೊಗಳುತ್ತಾನೆ. ಎಲ್ಲಿ ವಾಸ ಎಂದು ಅತ್ತೆ ವಿಚಾರಿಸಿದರೆ, ಇವರದು ಸ್ವಂತ ಜಾಗ ಎಂದು ಮಗಳು ಜಂಬ ಕೊಚ್ಚುತ್ತಾಳೆ. ಪಕ್ಕದಲ್ಲಿ ಕೂತ ಅವನ ಗೆಳೆಯ ಕತ್ತೆ, ಆ ಕೆಸರುಗುಂಡಿಯ ವಿಷಯವೇ ಎಂದು ನಗುತ್ತದೆ. ಮೊಮ್ಮಕ್ಕಳು ಯಾರನ್ನು ಹೋಲಬಹುದು ಎಂಬ ಚಿಂತೆಯಲ್ಲಿ ರಾಜ ಅಳಿಯನ ಮೇಲೆ ಸಿಟ್ಟಾಗುತ್ತಾನೆ, ಇಬ್ಬರೂ ತಟ್ಟೆಯ ಮಾಂಸವನ್ನು ಹರಿದು ಎಳೆದಾಡುತ್ತಾರೆ. ಈ ದೃಶ್ಯ ಬಂದಾಗಲೆಲ್ಲ ನನ್ನ ಹೆಂಡತಿ ಕೇಳುತ್ತಾಳೆ: "ರೀ, ನಮ್ಮ ಮೊದಲ ದೀಪಾವಳೀನ ಇವರಿಗೆ ಯಾರು ಹೇಳಿದ್ದು?" ಎಣ್ಣೆನೀರು ಹಾಕಿಸಿಕೊಂಡು, ಎಲೆಯ ಮುಂದೆ ಕೂತು, ಹೋಳಿಗೆ ಮುರಿಯುವಷ್ಟರಲ್ಲಿ "ಸೈಟು ಗೀಟು ಏನಾದ್ರೂ ತಗೊಂಡಿದೀರಾ?" ಎಂದು ಮಾವನವರು ಕೇಳಿದ್ದನ್ನು ನಾನೂ ಮರೆತಿಲ್ಲ. ನನ್ನ ಪುಣ್ಯಕ್ಕೆ ಜೊತೆಯಲ್ಲಿ ಕತ್ತೆ ಇರಲಿಲ್ಲ.

2004ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಮಾಡಿದ ಚಿತ್ರ ಈ ಎರಡನೆಯ ಭಾಗವೇ. ಆಶ್ಚರ್ಯವೇನಿಲ್ಲ. ಬೆಂಕಿಯುಗುಳುವ ಡ್ರ್ಯಾಗನ್ ಅನ್ನು ನಾವಾರೂ ಕಂಡಿಲ್ಲ, ಮಾವನವರನ್ನು ಕಂಡಿದ್ದೇವೆ. ಸಂಸಾರಸ್ಥನಿಗೆ ಮುಂದೆ ಬರಬೇಕಾದ ತಾಪತ್ರಯವೇ ಇಲ್ಲಿ ಬಂದಿದೆ, ಬರಬೇಕಾದ ಕ್ರಮದಲ್ಲೇ ಬಂದಿದೆ.

2007ರ ಮೂರನೆಯ ಭಾಗದಲ್ಲಿ ಈ ಕ್ರಮ ತಪ್ಪಿತು. ಫಿಯೋನಾ ಬಸುರಿ. ಮನೆ ತುಂಬ ಹಸಿರು ಕೂಸುಗಳು ಹರಿದಾಡುವ ಕನಸು ಬಿದ್ದು ಶ್ರೆಕ್ಕ ಬೆವರುತ್ತಾನೆ. ಚಿತ್ರದಲ್ಲಿ ನನಗೆ ಹಿಡಿಸಿದ್ದು ಅಷ್ಟೇ. ಉಳಿದದ್ದರಲ್ಲಿ ಅವನು ಸಿಂಹಾಸನಕ್ಕೆ ಬೇರೊಬ್ಬ ವಾರಸುದಾರನನ್ನು ಹುಡುಕಿಕೊಂಡು ಹಡಗು ಹತ್ತುತ್ತಾನೆ. ಗಂಡಸರು ಇಂಥ ಹೊತ್ತಿನಲ್ಲೇ ಆಫೀಸಿನ ಕೆಲಸವೆಂದು ಊರು ಬಿಡುವುದುಂಟು, ನಿಜ. ಆದರೆ ನಗು ಮನೆಯಲ್ಲೇ ಉಳಿಯಿತು, ಕ್ಯಾಮೆರಾ ಮಾತ್ರ ಅವನ ಜೊತೆ ಹೊರಟುಹೋಯಿತು.

ಅತ್ತ 'ಐಸ್ ಏಜ್' ಸರಣಿಯದು ಇನ್ನೂ ದೊಡ್ಡ ಅಲೆದಾಟ. 2002ರಲ್ಲಿ ಕಳೆದುಹೋದ ಮಗುವೊಂದನ್ನು ಅಪ್ಪನಿಗೆ ಮುಟ್ಟಿಸುವುದಷ್ಟೇ ಕಥೆ. ಭಾಗಗಳು ಕಳೆದಂತೆ ಹಿಮದಡಿಯಲ್ಲಿ ಡೈನೋಸಾರ್‌ಗಳು ಸಿಕ್ಕವು, ಖಂಡಗಳು ಒಡೆದವು, 2016ರ ಐದನೆಯದರಲ್ಲಿ ಆಕಾಶದಿಂದ ಬಂಡೆಯೇ ಭೂಮಿಯತ್ತ ಬಂತು. ವಿಚಿತ್ರವೆಂದರೆ ಅದೇ ಚಿತ್ರದಲ್ಲಿ ಮ್ಯಾಮತ್ ಆನೆ ತನ್ನ ಮಗಳ ಮದುವೆಯ ಚಿಂತೆಯಲ್ಲಿದೆ. ಹೆಣ್ಣಿನ ಕಡೆಯವರಾಗಿ ಒಂದು ಮದುವೆ ಮಾಡಿದವರನ್ನು ಕೇಳಿದ್ದರೆ ಹೇಳುತ್ತಿದ್ದರು, ಮೇಲಿಂದ ಬಂಡೆ ಬೀಳಿಸುವ ಖರ್ಚು ದಂಡವೆಂದು.

'ಇನ್‌ಕ್ರೆಡಿಬಲ್ಸ್'ನವರು ಇದನ್ನು ಬಲ್ಲರು. ಹದಿನಾಲ್ಕು ವರ್ಷ ಬಿಟ್ಟು 2018ರಲ್ಲಿ ಬಂದ ಅದರ ಎರಡನೆಯ ಭಾಗದ ಖಳನ ಹೆಸರು ನನಗೆ ಮರೆತುಹೋಗಿದೆ. ಹೆಂಡತಿಯನ್ನು ಕೆಲಸಕ್ಕೆ ಕಳಿಸಿ ಮನೆಯಲ್ಲುಳಿದ ಮಹಾಬಲಶಾಲಿ ಅಪ್ಪ, ಮಗನ ಗಣಿತದ ಹೋಮ್‌ವರ್ಕಿನ ಮುಂದೆ ಕೂತು, ಗಣಿತವನ್ನೂ ಯಾಕೆ ಬದಲಾಯಿಸಿದರೋ ಎಂದು ಗೋಳಾಡಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ಶ್ರೆಕ್ಕ 2010ರಲ್ಲಿ ನಾಲ್ಕನೆಯ ಸಲ ಬಂದಾಗ ಅವನಿಗೆ ಮೂರು ಮಕ್ಕಳು, ದಿನಾ ಒಂದೇ ಪಾಡು, ಊರವರಿಗೆ ಅವನ ಹೆದರಿಕೆಯಿಲ್ಲ. 'ಮೊದಲಿನ ಹಾಗಿಲ್ಲ' ಎಂದು ನಾವು ಸೋಫಾದ ಮೇಲೆ ಗೊಣಗುವುದನ್ನೇ ಅವನು ತೆರೆಯ ಮೇಲೆ ಗೊಣಗುತ್ತಾನೆ. ಹಳೆಯ ಪುಂಡ ರಾಕ್ಷಸನಾಗಿ ಒಂದೇ ಒಂದು ದಿನ ಕಳೆಯುವ ಆಸೆಗೆ ಬಿದ್ದು, ಕುಳ್ಳ ಮೋಸಗಾರನೊಬ್ಬನ ಕರಾರುಪತ್ರಕ್ಕೆ ರುಜು ಹಾಕಿ, ಬದಲಿಗೆ ತಾನು ಹುಟ್ಟಿದ ದಿನವನ್ನೇ ಕಳೆದುಕೊಳ್ಳುತ್ತಾನೆ. ಮೊದಲ ಭಾಗವನ್ನೇ ಮತ್ತೆ ತಂದುಕೊಡಿ ಎಂದು ಪಟ್ಟು ಹಿಡಿಯುವ ಮಗಳಿಗೆ ನಾನು ತೋರಿಸುವ ಸಾಕ್ಷಿ ಇದೇ. "ಅಪ್ಪಾ, ಆ ಸಿನಿಮಾನೂ ಮೊದಲನೆಯದರಷ್ಟು ಚೆನ್ನಾಗಿಲ್ವಲ್ಲ" ಎಂದು ಅವಳು ಸಾಕ್ಷಿಯನ್ನೇ ತಳ್ಳಿಹಾಕುತ್ತಾಳೆ.

ಈಗ ಐದನೆಯದು ತಯಾರಾಗುತ್ತಿದೆ, ಶ್ರೆಕ್ಕನ ಮಗಳಿಗೆ ನಟಿ ಜೆಂಡಾಯಾ ದನಿ ಕೊಡುತ್ತಾಳಂತೆ. ಕಥೆ ಬರೆಯುವವರು ನನ್ನನ್ನು ಕೇಳಿಲ್ಲ. ಕೇಳಿದ್ದರೆ ಡ್ರ್ಯಾಗನ್ ಬೇಡ, ಹಡಗು ಬೇಡ, ಒಬ್ಬ ಹುಡುಗ ಊಟಕ್ಕೆ ಬರಲಿ ಸಾಕು ಎನ್ನುತ್ತಿದ್ದೆ. ನೋಡಲು ಲಕ್ಷಣವಾಗಿರಲಿ, ಚಮಚದಲ್ಲಿ ಉಣ್ಣಲಿ, ಮಾವನಿಗೆ ಅಷ್ಟೇ ಸಾಕು ಸಿಟ್ಟು ಬರಲು. ನಮ್ಮ ಮಗಳೂ ಪಿಯುಸಿ ದಾಟಿದ್ದಾಳೆ. ಟಿಕೆಟ್ ಎಷ್ಟೇ ದುಬಾರಿಯಾಗಲಿ, ಮೊದಲ ದಿನವೇ ಹೋಗಿ ನೋಟ್ಸ್ ಮಾಡಿಕೊಂಡು ಬರಬೇಕೆಂದಿದ್ದೇನೆ.